ಗೋಡೆಯ ಮೇಲಿನ ಗಂಟು: ಟೈಲ್ಸ್, ಪರಮಾಣು ಮತ್ತು ನಾವು ಹೇಳಬೇಕಾದ ಸತ್ಯ



ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಬಗೆಯ ಸಂದೇಶ ಓಡಾಡುತ್ತದೆ. ಇಂದಿನ ವಿಜ್ಞಾನಿಗಳು ಕಂಡುಹಿಡಿದದ್ದನ್ನೆಲ್ಲ ನಮ್ಮ ಪೂರ್ವಿಕರು ನೂರಾರು ವರ್ಷ ಮೊದಲೇ ಕಂಡುಹಿಡಿದಿದ್ದರು, ಹೆಸರು ಮಾತ್ರ ಬೇರೆಯವರಿಗೆ ಹೋಯಿತು ಎಂಬುದು ಅದರ ಸಾರ. ಅದರ ಜೊತೆಗೆ ಇರಾನಿನ ಒಂದು ಹಳೆಯ ಕಟ್ಟಡದ ಚಿತ್ರವನ್ನು ಲಗತ್ತಿಸಿ, 2011ರ ರಸಾಯನ ಶಾಸ್ತ್ರದ ನೊಬೆಲ್ ಪ್ರಶಸ್ತಿ ನಿಜವಾಗಿ ಈ ಗೋಡೆಗೆ ಸಲ್ಲಬೇಕಿತ್ತು ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು? ಇತಿಹಾಸವನ್ನು ಕ್ರಮವಾಗಿ ನೋಡೋಣ. ಸತ್ಯ ಆ ಸಂದೇಶಕ್ಕಿಂತ ಸುಂದರವಾಗಿದೆ.

ಐದು ಮೂಲೆಯ ತೊಂದರೆ

ಮನೆಗೆ ಟೈಲ್ಸ್ ಹಾಕಿಸಿದವರಿಗೆ ಗೊತ್ತಿರುವ ವಿಷಯದಿಂದಲೇ ಆರಂಭಿಸೋಣ. ಚೌಕದ ಟೈಲ್ಸ್ ನೆಲವನ್ನು ಸಂದಿಲ್ಲದೆ ಮುಚ್ಚುತ್ತದೆ. ಸಮಭುಜ ತ್ರಿಕೋನವೂ ಮುಚ್ಚುತ್ತದೆ, ಜೇನುಗೂಡಿನ ಷಡ್ಭುಜವೂ ಮುಚ್ಚುತ್ತದೆ. ಆದರೆ ಐದು ಬದಿಯ ಸಮ ಪಂಚಭುಜ ಮುಚ್ಚುವುದಿಲ್ಲ. ಅದರ ಒಂದು ಮೂಲೆ 108 ಡಿಗ್ರಿ. ಒಂದು ಬಿಂದುವಿನ ಸುತ್ತ ಮೂರನ್ನು ಇಟ್ಟರೆ 324 ಡಿಗ್ರಿಯಾಗುತ್ತದೆ, 36 ಡಿಗ್ರಿಯ ಸಂದು ಉಳಿಯುತ್ತದೆ. ನಾಲ್ಕನೆಯದಕ್ಕೆ ಅಲ್ಲಿ ಜಾಗವಿಲ್ಲ.

ಉಪ್ಪು, ಸಕ್ಕರೆ, ಲೋಹ ಮುಂತಾದ ಸ್ಫಟಿಕಗಳ ಒಳಗೆ ಪರಮಾಣುಗಳು ಜೋಡಣೆಯಾಗುವುದಕ್ಕೂ ಇದೇ ನಿಯಮ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಒಂದೇ ನಮೂನೆ ಮತ್ತೆ ಮತ್ತೆ ಬರಬೇಕು; ಎರಡು, ಮೂರು, ನಾಲ್ಕು, ಆರು ಮಡಿಯ ಸಮಮಿತಿ ಇರಬಹುದು; ಐದು ಅಥವಾ ಹತ್ತು ಮಡಿಯದು ಸಾಧ್ಯವಿಲ್ಲ. ಪಠ್ಯಪುಸ್ತಕಗಳಲ್ಲಿ ಹಾಗೆಯೇ ಬರೆದಿತ್ತು.

ಆದರೂ ಇಸ್ಲಾಮಿ ಜಗತ್ತಿನ ಕುಶಲಕರ್ಮಿಗಳಿಗೆ ಐದು ಮತ್ತು ಹತ್ತು ಮೂಲೆಯ ನಕ್ಷತ್ರಗಳ ಮೇಲೆಯೇ ಪ್ರೀತಿ. ಮಸೀದಿ, ಮದ್ರಸ, ದರ್ಗಾಗಳ ಗೋಡೆಗಳಲ್ಲಿ ಅವರು ಅವನ್ನು ತುಂಬಿಸಿದರು. ಈ ವಿನ್ಯಾಸಕ್ಕೆ ಫಾರಸಿಯಲ್ಲಿ 'ಗಿರಿಹ್' ಎನ್ನುತ್ತಾರೆ. ಗಿರಿಹ್ ಎಂದರೆ ಗಂಟು.

ಬಗ್ದಾದಿನ ಒಂದು ಸಭೆ

ಈ ಕಲೆಯ ಹಿಂದೆ ಇದ್ದ ವಿದ್ಯೆಯನ್ನು ತಿಳಿಯಲು ಹತ್ತನೆಯ ಶತಮಾನದ ಬಗ್ದಾದಿಗೆ ಹೋಗಬೇಕು. ಖುರಾಸಾನಿನ ಬೂಝ್‌ಜಾನಿನಲ್ಲಿ 940ರಲ್ಲಿ ಹುಟ್ಟಿದ ಅಬುಲ್ ವಫಾ ಎಂಬ ಗಣಿತಜ್ಞರು ಅಲ್ಲಿ ನೆಲೆಸಿದ್ದರು. ಅವರು ಕುಶಲಕರ್ಮಿಗಳಿಗಾಗಿಯೇ ರೇಖಾಗಣಿತದ ಒಂದು ಗ್ರಂಥ ಬರೆದರು. ಕರ್ಮಿಗಳೂ ಗಣಿತಜ್ಞರೂ ಒಟ್ಟಿಗೆ ಕುಳಿತ ಒಂದು ಸಭೆಯ ಪ್ರಸಂಗವನ್ನು ಅದರಲ್ಲಿ ಅವರು ಹೇಳುತ್ತಾರೆ. ಅಲ್ಲಿ ಎದ್ದ ಪ್ರಶ್ನೆ ಇದು: ಸಮನಾದ ಮೂರು ಚೌಕಗಳನ್ನು ಕತ್ತರಿಸಿ ಜೋಡಿಸಿ ಒಂದು ದೊಡ್ಡ ಚೌಕ ಮಾಡುವುದು ಹೇಗೆ?

ಗಣಿತಜ್ಞರಿಗೆ ಆ ದೊಡ್ಡ ಚೌಕದ ಬದಿ ಎಷ್ಟುದ್ದ ಎಂಬುದು ಗೊತ್ತಿತ್ತು, ಅದನ್ನು ಎಳೆದೂ ತೋರಿಸಿದರು. ಆದರೆ ಕೈಯಲ್ಲಿ ಕಲ್ಲು ಹಿಡಿದವನಿಗೆ ಗೆರೆ ಸಾಲದು, ಎಲ್ಲಿ ಕತ್ತರಿಸಬೇಕು ಎಂಬುದು ಬೇಕು. ಇನ್ನೊಂದು ಕಡೆ, ಕರ್ಮಿಗಳು ತಮ್ಮದೇ ಉಪಾಯಗಳನ್ನು ತೋರಿಸಿದರು. ಅವುಗಳಲ್ಲಿ ಕೆಲವು ಕಣ್ಣಿಗೆ ಸರಿಯಾಗಿ ಕಂಡರೂ ಲೆಕ್ಕದಲ್ಲಿ ತಪ್ಪಾಗಿದ್ದವು. ಅಬುಲ್ ವಫಾ ಇಬ್ಬರ ಕೊರತೆಯನ್ನೂ ಹೇಳಿ, ಕತ್ತರಿಸಲೂ ಬರುವ, ಲೆಕ್ಕಕ್ಕೂ ಒಪ್ಪುವ ವಿಧಾನವನ್ನು ಕೊಟ್ಟರು. ಪಂಡಿತನಿಗೆ ಕೈಯ ಕಷ್ಟ ತಿಳಿಯದು, ಕರ್ಮಿಗೆ ಪ್ರಮಾಣದ ಬೆಲೆ ತಿಳಿಯದು, ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರೆ ಎರಡೂ ಸಿಗುತ್ತವೆ. ಇದನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಐದು ಅಚ್ಚುಗಳ ರಹಸ್ಯ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಸಂಶೋಧನೆ ಮಾಡುತ್ತಿದ್ದ ಪೀಟರ್ ಲೂ ಎಂಬ ಯುವಕ ಉಜ್ಬೇಕಿಸ್ತಾನಕ್ಕೆ ಹೋದಾಗ, ಬುಖಾರಾದ ಹಳೆಯ ಕಟ್ಟಡವೊಂದರ ಗೋಡೆಯ ಹತ್ತು ಮೂಲೆಯ ವಿನ್ಯಾಸ ಅವರ ಕಣ್ಣು ಸೆಳೆಯಿತು. ಇಷ್ಟು ದೊಡ್ಡ ಗೋಡೆಯನ್ನು ಬರೀ ಪಟ್ಟಿ-ಕೈವಾರದಿಂದ ಗೆರೆ ಎಳೆದು ತುಂಬಿಸಿದ್ದರೆ ಸಣ್ಣ ಸಣ್ಣ ತಪ್ಪುಗಳು ಕೂಡಿ ಕೂಡಿ ವಿನ್ಯಾಸ ವಕ್ರವಾಗಬೇಕಿತ್ತು. ಯಾಕೆ ಆಗಿಲ್ಲ? ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಪಾಲ್ ಸ್ಟೈನ್‌ಹಾರ್ಟ್ ಜೊತೆ ಸೇರಿ ಅವರು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು.

ಆ ಉತ್ತರ ಹೀಗಿದೆ. ಸುಮಾರು ಕ್ರಿ.ಶ. 1200ರ ಹೊತ್ತಿಗೆ ಕರ್ಮಿಗಳು ಗೆರೆ ಎಳೆಯುವ ಬದಲು ಐದು ಬಗೆಯ ಅಚ್ಚುಗಳನ್ನು ಬಳಸತೊಡಗಿದ್ದರು: ದಶಭುಜ, ಪಂಚಭುಜ, ಉದ್ದನೆಯ ಷಡ್ಭುಜ, ವಜ್ರಾಕೃತಿ ಮತ್ತು ಡಮರುವಿನಂತೆ ನಡು ಸಣ್ಣಗಿರುವ ಒಂದು ಆಕೃತಿ. ಐದರ ಬದಿಗಳೂ ಒಂದೇ ಉದ್ದ, ಮೂಲೆಗಳೆಲ್ಲ 36 ಡಿಗ್ರಿಯ ಮಡಿಗಳು. ಪ್ರತಿ ಅಚ್ಚಿನ ಮೇಲೆ ಅಲಂಕಾರದ ಗೆರೆಗಳಿದ್ದು, ಅವು ಪ್ರತಿ ಬದಿಯ ನಡುವಿನಲ್ಲಿಯೇ ಹೊರಬರುತ್ತವೆ. ಹೀಗಾಗಿ ಯಾವ ಅಚ್ಚನ್ನು ಯಾವುದರ ಪಕ್ಕ ಇಟ್ಟರೂ ಗೆರೆ ತಾನಾಗಿ ಮುಂದುವರಿಯುತ್ತದೆ. ಕೆಲಸ ಮುಗಿದ ಮೇಲೆ ಅಚ್ಚಿನ ಅಂಚು ಕಾಣುವುದಿಲ್ಲ, ಗಂಟು ಮಾತ್ರ ಕಾಣುತ್ತದೆ.

ಇದು ಬರೀ ಊಹೆಯಲ್ಲ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಗ್ರಂಥಾಲಯದಲ್ಲಿ ಸುಮಾರು 30 ಮೀಟರ್ ಉದ್ದದ ಒಂದು ಸುರುಳಿಯಿದೆ. ಕಟ್ಟಡ ಕಟ್ಟುವವರು ಬಳಸುತ್ತಿದ್ದ ನಮೂನೆಗಳನ್ನು ಅದರಲ್ಲಿ ಬರೆದಿಡಲಾಗಿದೆ. ಇತಿಹಾಸಕಾರ್ತಿ ಗುಲ್ರು ನೆಜಿಪೋಲು ಅವರು 1995ರಲ್ಲಿ ಅದರ ಅಧ್ಯಯನವನ್ನು ಪ್ರಕಟಿಸಿದರು. ಅದರ ಕೆಲವು ಚಿತ್ರಗಳಲ್ಲಿ ಅಲಂಕಾರದ ಗೆರೆಯ ಕೆಳಗೆ ಈ ಅಚ್ಚುಗಳ ಅಂಚುಗಳೂ ಗುರುತಾಗಿವೆ.

ಇರಾನಿನ ಇಸ್ಫಹಾನಿನಲ್ಲಿ 1453ರಲ್ಲಿ ಕಟ್ಟಿದ ದರ್ಬ್-ಎ-ಇಮಾಮ್ ದರ್ಗಾದಲ್ಲಿ ಈ ಕಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ದೊಡ್ಡ ಅಚ್ಚುಗಳ ವಿನ್ಯಾಸದ ಒಳಗೆ ಅದೇ ಅಚ್ಚುಗಳ ಸಣ್ಣ ವಿನ್ಯಾಸವಿದೆ. ಬ್ರಿಟನ್ನಿನ ರೋಜರ್ ಪೆನ್‌ರೋಸ್ 1974ರಲ್ಲಿ ಎರಡೇ ಬಗೆಯ ಟೈಲ್ಸ್‌ನಿಂದ, ಎಷ್ಟು ದೂರ ಹೋದರೂ ಒಂದೇ ಅಳತೆಯಲ್ಲಿ ಮರುಕಳಿಸದ ಜೋಡಣೆಯನ್ನು ರೂಪಿಸಿದ್ದರು. ದರ್ಗಾದ ವಿನ್ಯಾಸವನ್ನು ಪೆನ್‌ರೋಸ್ ಟೈಲ್ಸ್‌ಗೆ ಬದಲಿಸಿ ನೋಡಿದಾಗ ಸುಮಾರು 3700 ಟೈಲ್ಸ್‌ಗಳಲ್ಲಿ 11 ಕಡೆ ಮಾತ್ರ ನಿಯಮ ತಪ್ಪಿತ್ತು ಎಂದು ಸಂಶೋಧಕರು ಬರೆದರು. ಆ ತಪ್ಪುಗಳೂ ಕಟ್ಟುವಾಗಲೋ ದುರಸ್ತಿಯಲ್ಲೋ ಆದವು ಎಂಬಂತೆ ಕಾಣುತ್ತವೆ.

ನಂಬದ ಜಗತ್ತು, ಬಿಡದ ಒಬ್ಬ

ಈಗ ಪರಮಾಣುಗಳ ಕಡೆಗೆ ಬರೋಣ. 1982ರ ಏಪ್ರಿಲ್ 8ರಂದು ಅಮೆರಿಕದ ಒಂದು ಸರಕಾರಿ ಪ್ರಯೋಗಾಲಯದಲ್ಲಿ ಡಾನ್ ಶೆಕ್ಟ್‌ಮನ್ ಎಂಬ ಇಸ್ರೇಲಿ ವಿಜ್ಞಾನಿ, ಬೇಗನೆ ತಣಿಸಿದ ಅಲ್ಯುಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹತ್ತು ಚುಕ್ಕೆಗಳ ವೃತ್ತ ಕಂಡಿತು. ಹತ್ತು ಮಡಿ ಎಂದು ಬರೆದು, ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ತಂಡದ ಮುಖ್ಯಸ್ಥ ಅವರ ಕೈಗೆ ಸ್ಫಟಿಕಶಾಸ್ತ್ರದ ಪಠ್ಯಪುಸ್ತಕ ಕೊಟ್ಟರು, ಬಳಿಕ ತಂಡವನ್ನೇ ಬಿಡಲು ಹೇಳಿದರು. ಲೇಖನ ಪ್ರಕಟವಾಗಲು 1984ರ ನವೆಂಬರ್ ಬರಬೇಕಾಯಿತು. ಎರಡು ಸಲ ನೊಬೆಲ್ ಪಡೆದಿದ್ದ ಲೈನಸ್ ಪೌಲಿಂಗ್ 1994ರಲ್ಲಿ ತಾವು ತೀರಿಕೊಳ್ಳುವವರೆಗೂ ಇದನ್ನು ಒಪ್ಪಲಿಲ್ಲ. ಈ ಹೊಸ ವಸ್ತುವಿಗೆ 'ಕ್ವಾಸಿ ಕ್ರಿಸ್ಟಲ್' ಎಂದು ಹೆಸರಿಟ್ಟವರು ಡೋವ್ ಲೆವಿನ್ ಮತ್ತು ಮೇಲೆ ಹೇಳಿದ ಸ್ಟೈನ್‌ಹಾರ್ಟ್. ಕೊನೆಗೆ ಸ್ಫಟಿಕ ಎಂದರೇನು ಎಂಬ ವ್ಯಾಖ್ಯೆಯನ್ನೇ ವಿಜ್ಞಾನಿಗಳು ಬದಲಿಸಿದರು. 2011ರಲ್ಲಿ ಶೆಕ್ಟ್‌ಮನ್‌ಗೆ ನೊಬೆಲ್ ಬಂತು.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಹತ್ತು ಮಡಿ ಸಮಮಿತಿಯ ಪದರಗಳು ಒಂದರ ಮೇಲೊಂದು ಕೂತಿರುವ ಇನ್ನೊಂದು ಬಗೆಯ ಕ್ವಾಸಿ ಕ್ರಿಸ್ಟಲನ್ನು 1985ರಲ್ಲಿ ಅಮೆರಿಕದಲ್ಲಿ ಬೆಂಡರ್ಸ್ಕಿ ಗುರುತಿಸಿದರು. ಅದೇ ವರ್ಷ ಸ್ವತಂತ್ರವಾಗಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಟ್ಟೋಪಾಧ್ಯಾಯ ಮತ್ತು ರಂಗನಾಥನ್ ಸೇರಿದ್ದಾರೆ.

ಆಮೇಲೆ ಈ ವಿದ್ಯೆ ಬಹಳ ಕವಲೊಡೆದಿದೆ. ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಗೆ ಗ್ರಾಫೀನ್ ಎನ್ನುತ್ತಾರೆ. ಅಂತಹ ಎರಡು ಹಾಳೆಗಳನ್ನು 30 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟರೆ ಹನ್ನೆರಡು ಮಡಿಯ ಕ್ವಾಸಿ ಕ್ರಿಸ್ಟಲ್ ಆಗುತ್ತದೆಂದು 2018ರಲ್ಲಿ ತೋರಿಸಲಾಯಿತು. 2009ರಲ್ಲಿ ಇಟಲಿಯ ಒಂದು ಸಂಗ್ರಹಾಲಯದ ಕಲ್ಲಿನಲ್ಲಿ ಪ್ರಕೃತಿಯೇ ಮಾಡಿದ ಕ್ವಾಸಿ ಕ್ರಿಸ್ಟಲ್ ಸಿಕ್ಕಿತು. ಆ ಕಲ್ಲು ರಷ್ಯಾದ ಪೂರ್ವ ತುದಿಯ ಬೆಟ್ಟಗಳಿಂದ ಬಂದ ಉಲ್ಕಾಶಿಲೆಯ ತುಣುಕು. ಆ ಲೇಖನದಲ್ಲಿ ಪೀಟರ್ ಲೂ ಹೆಸರೂ ಇದೆ. 2021ರಲ್ಲಿ ಇನ್ನೊಂದು ಸುದ್ದಿ ಬಂತು: 1945ರ ಜುಲೈ 16ರಂದು ಅಮೆರಿಕ ಮೊದಲ ಅಣುಬಾಂಬ್ ಸಿಡಿಸಿದ ಜಾಗದ ಕರಗಿದ ಮರಳಿನಲ್ಲೂ ಒಂದು ಕ್ವಾಸಿ ಕ್ರಿಸ್ಟಲ್ ಇತ್ತು. ಒಂದೇ ನಮೂನೆ ಇಬಾದತ್ತಿನ ಗೋಡೆಯಲ್ಲೂ ವಿನಾಶದ ಬೂದಿಯಲ್ಲೂ ಇದೆ. ವಿದ್ಯೆ ಯಾರ ಕೈಯಲ್ಲಿ, ಯಾತಕ್ಕೆ ಎಂಬ ಪ್ರಶ್ನೆ ಬೇರೆಯೇ.

ಕಂಪ್ಯೂಟರ್ ವಿಭಾಗದಲ್ಲೂ ಹೀಗೆಯೇ. 2023ರಲ್ಲಿ ಝಿ ಲಿ ಮತ್ತು ಲೇಥಮ್ ಬಾಯ್ಲ್ ಅವರು ಪೆನ್‌ರೋಸ್ ಜೋಡಣೆಗೂ ಕ್ವಾಂಟಂ ಕಂಪ್ಯೂಟರಿನ ತಪ್ಪು ತಿದ್ದುವ ಸಂಕೇತಗಳಿಗೂ ಇರುವ ಸಂಬಂಧ ತೋರಿಸಿದರು. ಜೋಡಣೆಯ ಒಂದು ತುಂಡು ಅಳಿಸಿಹೋದರೂ ಸುತ್ತಲಿನ ಭಾಗವನ್ನು ನೋಡಿ ಅದನ್ನು ಮತ್ತೆ ತುಂಬಿಸಬಹುದು ಎಂಬುದು ಅದರ ತಿರುಳು.

ಅದೇ ವರ್ಷ ಇಂಗ್ಲೆಂಡಿನ ಯಾರ್ಕ್‌ಷೈರಿನ ನಿವೃತ್ತ ಮುದ್ರಣ ತಂತ್ರಜ್ಞ ಡೇವಿಡ್ ಸ್ಮಿತ್ ಕಂಡುಕೊಂಡಿದ್ದ ಒಂದು ಆಕೃತಿ ಜಗತ್ತಿಗೆ ತಿಳಿಯಿತು. ಅದಕ್ಕೆ ಹದಿಮೂರು ಬದಿ, ಹೆಸರು 'ಹ್ಯಾಟ್'. ಅದೊಂದರಿಂದಲೇ ನೆಲ ತುಂಬಿಸಬಹುದು, ಆದರೆ ವಿನ್ಯಾಸ ಎಂದೂ ಮರುಕಳಿಸುವುದಿಲ್ಲ. 1966ರಲ್ಲಿ ರಾಬರ್ಟ್ ಬರ್ಜರ್‌ಗೆ ಇಂತಹ ಕೆಲಸಕ್ಕೆ 20,426 ಬಗೆಯ ಟೈಲ್ಸ್ ಬೇಕಾಗಿತ್ತು, ಪೆನ್‌ರೋಸ್ ಎರಡಕ್ಕೆ ಇಳಿಸಿದರು, ಈಗ ಒಂದೇ ಸಾಕು. ಸ್ಮಿತ್ ಗಣಿತದ ಪದವೀಧರರಲ್ಲ, ರಟ್ಟು ಕತ್ತರಿಸಿ ಜೋಡಿಸಿ ನೋಡಿದವರು. ಅವರು ಬರೆದು ಕೇಳಿದ್ದು ಕೆನಡಾದ ಕಂಪ್ಯೂಟರ್ ವಿಜ್ಞಾನಿ ಕ್ರೇಗ್ ಕಪ್ಲಾನ್ ಅವರನ್ನು. ಈ ಕಪ್ಲಾನ್ ಇಸ್ಲಾಮಿ ನಕ್ಷತ್ರ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಬಗೆಯನ್ನು ವರ್ಷಗಳ ಹಿಂದೆಯೇ ಅಧ್ಯಯನ ಮಾಡಿದ್ದವರು. ಇನ್ನಿಬ್ಬರು ಸೇರಿ ನಾಲ್ವರು ಪ್ರಮಾಣ ಬರೆದರು. ಬಗ್ದಾದಿನ ಆ ಸಭೆ ನಿಮಗೆ ನೆನಪಾಗಿರಬೇಕು.

ಹಾಗಾದರೆ ನಮ್ಮದು ಯಾವುದು?

ಮೊದಲ ಪ್ರಶ್ನೆಗೆ ಬರೋಣ. ಇಸ್ಫಹಾನಿನ ಕರ್ಮಿಗಳು ಅದ್ಭುತ ವಿಧಾನವನ್ನು ಬಳಸಿದ್ದರು ಎಂಬುದಕ್ಕೆ ಗೋಡೆಯೇ ಸಾಕ್ಷಿ. ಆದರೆ ಈ ವಿನ್ಯಾಸ ಎಂದೂ ಮರುಕಳಿಸದು ಎಂಬ ನಿಯಮ ಅವರಿಗೆ ತಿಳಿದಿತ್ತು ಎನ್ನಲು ಬರೆದಿಟ್ಟ ಪ್ರಮಾಣ ಸಿಕ್ಕಿಲ್ಲ. ಪೀಟರ್ ಕ್ರಾಮ್‌ವೆಲ್ ಅವರಂತಹ ಗಣಿತಜ್ಞರು ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಪರಮಾಣುಗಳು ಹಾಗೆ ಜೋಡಣೆಯಾಗುತ್ತವೆ ಎಂಬುದನ್ನಂತೂ ಸೂಕ್ಷ್ಮದರ್ಶಕವಿಲ್ಲದೆ ಯಾರೂ ತಿಳಿಯಲಾಗದು. ಅದನ್ನು ಕಂಡವರು ಶೆಕ್ಟ್‌ಮನ್. ಅವರ ದೇಶ ಯಾವುದು, ಆ ದೇಶದ ರಾಜಕೀಯದ ಬಗ್ಗೆ ನಮಗೆಷ್ಟು ನೋವಿದೆ ಎಂಬುದರಿಂದ ಈ ಸತ್ಯ ಬದಲಾಗದು. ಸಾಕ್ಷ್ಯ ಹೇಳುವಾಗ ನಮ್ಮವರು, ಬೇರೆಯವರು ಎಂಬ ಭೇದ ನಮ್ಮ ದೀನ್‌ನಲ್ಲಿಲ್ಲ.

ಪಾಲಕರು ಇನ್ನೊಂದು ವಿಷಯ ಯೋಚಿಸಬೇಕು. ಮನೆಯಲ್ಲಿ ಕೇಳಿದ ಇಂತಹ ಮಾತು ಸುಳ್ಳೆಂದು ಮಗ ಅಥವಾ ಮಗಳಿಗೆ ಕಾಲೇಜಿನಲ್ಲಿ ತಿಳಿದರೆ, ಅವರು ನಮ್ಮ ಬೇರೆ ಮಾತುಗಳನ್ನೂ ಸಂಶಯದಿಂದ ನೋಡುತ್ತಾರೆ. ಮಿಂಬರಿನ ಮಾತನ್ನೂ ಅದೇ ತಕ್ಕಡಿಯಲ್ಲಿ ಹಾಕುತ್ತಾರೆ. ಹೆಮ್ಮೆಗಾಗಿ ಹೇಳಿದ ಒಂದು ಉತ್ಪ್ರೇಕ್ಷೆಯ ಬೆಲೆ ಅಷ್ಟು ದೊಡ್ಡದು.

ನಮ್ಮ ನಿಜವಾದ ಪರಂಪರೆ ಅಬುಲ್ ವಫಾರ ಆ ಚಾಪೆ. ಅದೇ ಫಾರಸಿ ಜಗತ್ತಿನ ಗೀಲಾನಿನಿಂದ ಬಂದ ಮಹಮೂದ್ ಗವಾನರು ಬೀದರಿನಲ್ಲಿ 1472ರಲ್ಲಿ ಮದ್ರಸ ಕಟ್ಟಿಸಿದರು. ದರ್ಬ್-ಎ-ಇಮಾಮ್‌ನ ವಿನ್ಯಾಸ ಅಲ್ಲಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಸಿಡಿಮದ್ದಿನ ಸ್ಫೋಟದಲ್ಲಿ ಅರ್ಧ ಕುಸಿದರೂ ಅದರ ಮುಂಭಾಗದ ಬಣ್ಣದ ಟೈಲ್ಸ್ ತುಣುಕುಗಳು ಇಂದಿಗೂ ಉಳಿದಿವೆ. ದೀನ್ ಕಲಿಯುವ ಜಾಗವೂ ಗಣಿತದ ಕೈಚಳಕವೂ ಒಂದೇ ಕಟ್ಟಡದಲ್ಲಿದ್ದವು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನಮ್ಮ ಮೊಹಲ್ಲಾಗಳಲ್ಲಿ ಟೈಲ್ಸ್ ಹಾಕುವ, ಮರಗೆಲಸ ಮಾಡುವ, ವೆಲ್ಡಿಂಗ್ ಮಾಡುವ ಯುವಕರು ಎಷ್ಟೋ ಮಂದಿ ಇದ್ದಾರೆ. ಅವರ ಕೈಗೆ ಗೊತ್ತಿರುವ ಕೋನ, ಅಳತೆಗಳು ಹಲವು ಪದವೀಧರರಿಗೂ ಗೊತ್ತಿರಲಾರವು. ಆ ಕೈಗೆ ಲೆಕ್ಕದ ಪುಸ್ತಕವನ್ನೂ ಕೊಡಬೇಕು. ಗಣಿತದಲ್ಲಿ ಆಸಕ್ತಿಯಿರುವ ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಗೆ ನಿಲ್ಲಿಸಬಾರದು. ಜಮಾಅತಿನ ವಿದ್ಯಾರ್ಥಿವೇತನ ಕೊಡುವಾಗ ಐಟಿಐ ಹುಡುಗನನ್ನೂ ವಿಜ್ಞಾನದ ಹುಡುಗಿಯನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಕು. ಪೂರ್ವಿಕರ ಗೋಡೆಗೆ ನಾವು ಕೊಡಬಹುದಾದ ಗೌರವ ಇದೇ.

ಇರುವಷ್ಟನ್ನೇ ಹೇಳುವ ನಾಲಿಗೆಯನ್ನೂ, ಇಲ್ಲದ್ದನ್ನು ಕಲಿತು ಗಳಿಸುವ ಛಲವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.