ಹಳೆಯ ಗುಡಿಗಳಿಗೆ ಹೋಗುವವರಿಗೆ: ಆಲಂಪುರ, ಗದ್ವಾಲ, ಮಕ್ತಲ್



ನಮ್ಮ ಸೀಮೆಯ ಹಳೆಯ ಗುಡಿಗಳಲ್ಲಿ ಯಾವುದನ್ನು ಮೊದಲು ನೋಡಬೇಕು, ಅಲ್ಲಿ ಏನಿದೆ ಎಂದು ಸಂಘದ ಸದಸ್ಯರು, ಅದರಲ್ಲೂ ರಜೆಗೆ ಊರಿಗೆ ಬರುವ ಮಕ್ಕಳು, ಆಗಾಗ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡೋಣ ಎಂದು ಈ ಟಿಪ್ಪಣಿ. ದರ್ಶನ ಮಾಡಿ ತೀರ್ಥ ತೆಗೆದುಕೊಂಡು ಬರುವುದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗುಡಿಯ ಗೋಡೆ, ಕಂಬ, ಅಂಗಳದ ಕಲ್ಲುಗಳ ಮೇಲಿನ ಬರಹವನ್ನೂ ಒಂದಿಷ್ಟು ನೋಡಿ ಬನ್ನಿ ಎಂಬುದಷ್ಟೇ ನಮ್ಮ ಕೋರಿಕೆ.

1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಎರಡು ತಾಲ್ಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಇವೆರಡು ಆಂಧ್ರ ಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಇಲ್ಲಿ ಕನ್ನಡ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಈ ಇಸವಿಗಳನ್ನು ಹೇಳಬಹುದು. ಅದಕ್ಕಿಂತ ಹಿಂದಿನ ಉತ್ತರ ಆಲಂಪುರದಲ್ಲಿದೆ.

ಗದ್ವಾಲದಿಂದ ಆಲಂಪುರಕ್ಕೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಕರ್ನೂಲು ಹೆದ್ದಾರಿಯಲ್ಲಿ ಆಲಂಪುರ ಚೌರಸ್ತಾಕ್ಕೆ ಬಂದು ಒಳಗೆ ತಿರುಗಬೇಕು. ರೈಲಿನಲ್ಲಿ ಬರುವವರಿಗೆ ಜೋಗುಳಾಂಬ ಹಾಲ್ಟ್ ಇದೆ. ಬೆಳಿಗ್ಗೆ ಬೇಗ ತಲುಪುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಕಲ್ಲು ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗುವುದಿಲ್ಲ. ನಮ್ಮ ವಯಸ್ಸಿನವರಿಗಂತೂ ಆಗದು.

ತುಂಗಭದ್ರೆಯ ದಡದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು, ಅಂದರೆ 7 ಮತ್ತು 8ನೇ ಶತಮಾನದವು. ಹೆಸರು ಬ್ರಹ್ಮನದಾದರೂ ಒಂಬತ್ತೂ ಶಿವನ ಗುಡಿಗಳೇ: ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ. ತಾರಕಬ್ರಹ್ಮ ಒಂದನ್ನು ಬಿಟ್ಟರೆ ಉಳಿದವುಗಳ ಶಿಖರ ಉತ್ತರದ ಮಾದರಿಯದು. ಪಟ್ಟದಕಲ್ಲು ನೋಡಿದವರಿಗೆ ಇದು ತಕ್ಷಣ ಪರಿಚಿತವೆನಿಸುತ್ತದೆ. ಪೂಜೆ ನಡೆಯುವುದು ಬಾಲಬ್ರಹ್ಮೇಶ್ವರನಿಗೆ. ಅಲ್ಲಿ ಕ್ರಿ.ಶ. 702ರ ಶಾಸನವಿದೆ. ಸಮಯ ಕಡಿಮೆಯಿದ್ದರೆ ಸ್ವರ್ಗಬ್ರಹ್ಮವನ್ನು ಮಾತ್ರ ತಪ್ಪಿಸಬೇಡಿ, ಒಂಬತ್ತರಲ್ಲಿ ಅತಿ ಚೆಲುವಾದದ್ದು ಅದೇ. ವಿನಯಾದಿತ್ಯನ ಆಳ್ವಿಕೆಯಲ್ಲಿ ಲೋಕಾದಿತ್ಯ ಎಳ ಅರಸ ಎಂಬವನು ರಾಣಿಯ ಗೌರವಾರ್ಥ ಅದನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಹೆಸರಿನಲ್ಲಿ ‘ಅರಸ’ ಎಂಬ ನಮ್ಮ ಮಾತು ಹಾಗೇ ಇದೆ.

ಪಕ್ಕದ ವಸ್ತುಸಂಗ್ರಹಾಲಯಕ್ಕೂ ಹೋಗಿ. ಜೋಗುಳಾಂಬ ದೇವಿಯ ದರ್ಶನಕ್ಕೆ ಬಂದವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೇವಿಯ ಈಗಿನ ಗುಡಿ 2005ರಲ್ಲಿ ಮತ್ತೆ ಕಟ್ಟಿದ್ದು. ಶ್ರೀಶೈಲಂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ನಿಲ್ಲಿಸಿದ್ದಾರೆ. ಕೃಷ್ಣೆ ತುಂಗಭದ್ರೆ ಕೂಡುವಲ್ಲಿದ್ದ ಗುಡಿ ಅದು. ಪಾಪನಾಶಿ ಗುಡಿಗಳೂ ಹಾಗೆಯೇ ಸ್ಥಳಾಂತರಗೊಂಡವು.

ಆಲಂಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಇವನ್ನು ಓದಲು ಪಂಡಿತರೇ ಆಗಬೇಕೆಂದಿಲ್ಲ. 11, 12ನೇ ಶತಮಾನದ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಸ್ವಲ್ಪ ರೂಢಿಯಾದರೆ ಗುರುತು ಸಿಗುತ್ತವೆ. ಇನ್ನು ಒಕ್ಕಣೆಯ ವಿಷಯ. ಕಚೇರಿಯಲ್ಲಿ ಪಹಾಣಿ, ರಿಜಿಸ್ಟರು ಬರೆದು ನಿವೃತ್ತರಾದ ನಮ್ಮಂಥವರಿಗೆ ಅದು ಮನೆಯ ಮಾತಿನಂತೆಯೇ ಇದೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು. ‘ಸ್ವಸ್ತಿ’ ಎಂದು ಆರಂಭ. ಆಮೇಲೆ ಅರಸನ ಬಿರುದುಗಳು, ಇದು ಉದ್ದ, ಮೊದಲ ಓದಿನಲ್ಲಿ ಹಾರಿಸಿದರೂ ನಡೆಯುತ್ತದೆ. ಬಳಿಕ ವರ್ಷ, ಸಂವತ್ಸರ, ತಿಥಿ, ವಾರ. ಯಾರು ಕೊಟ್ಟರು, ಯಾವ ದೇವರಿಗೆ, ಯಾವುದಕ್ಕಾಗಿ: ನಂದಾದೀಪಕ್ಕೋ, ನೈವೇದ್ಯಕ್ಕೋ, ಗುಡಿಯ ರಿಪೇರಿಗೋ. ಎಷ್ಟು ಮತ್ತರು ಭೂಮಿ, ಮೂಡಲಿಗೆ ಏನು, ಪಡುವಲಿಗೆ ಏನು ಎಂದು ಚಕ್ಕುಬಂದಿ. ಕೊನೆಗೆ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ನಮ್ಮ ಪಹಾಣಿಯಲ್ಲಿ ಈ ಕಲಂ ಒಂದು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಶಕವರ್ಷ ಸಿಕ್ಕರೆ 78 ಕೂಡಿಸಿ, ಇಸವಿ ಬರುತ್ತದೆ. ಚಾಲುಕ್ಯ ವಿಕ್ರಮವರ್ಷ ಎಂದಿದ್ದರೆ 1075 ಕೂಡಿಸಿ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಲೆಕ್ಕ ಆರಂಭಿಸಿದ.

ಆಲಂಪುರದ ಕಲ್ಲುಗಳಿಗೆ ಕಾವಲಿದೆ. ಹಳ್ಳಿಗಳ ಕಲ್ಲುಗಳಿಗೆ ಇಲ್ಲ. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಒಂದು ಊರಿನ ಹನುಮಂತ ದೇವರ ಗುಡಿಗೆ ಹೋಗಿದ್ದೆವು. ಹಿಂದೊಮ್ಮೆ ಅಲ್ಲಿ ಹನ್ನೆರಡು ಸಾಲಿನ ಕನ್ನಡ ಶಾಸನ ನೋಡಿ, ಸಮಯವಿಲ್ಲದೆ ಬರೆದುಕೊಳ್ಳದೆ ಬಂದಿದ್ದೆವು. ಈ ಸಲ ಹೋದರೆ ಕಲ್ಲಿಗೆ ದಪ್ಪನೆಯ ಎಣ್ಣೆ ಬಣ್ಣ! ಪೂಜಾರಿ ಅಜ್ಜ, “ಜಾತ್ರಿಗಿ ಛಂದ ಕಾಣ್ಲಿ ಅಂತ ಹುಡುಗ್ರು ಬಳದಾರ್ರೀ, ಅದರಾಗೇನಿತ್ತು?” ಎಂದರು. ಏನಿತ್ತೆಂದು ಹೇಳಲು ನಮಗೂ ಬರಲಿಲ್ಲ. ಹುಡುಗರದು ಭಕ್ತಿಯೇ, ತಪ್ಪು ನಮ್ಮದು. ಆ ದಿನ ಅರ್ಧ ಗಂಟೆ ಕೂತು ಬರೆದುಕೊಂಡಿದ್ದರೆ ಆಗುತ್ತಿತ್ತು. ಈ ಟಿಪ್ಪಣಿ ಬರೆಯಲು ನಿಜವಾದ ಕಾರಣವೂ ಅದೇ.

ಗದ್ವಾಲದಲ್ಲಿ ಕೋಟೆಯೊಳಗಿನ ಚೆನ್ನಕೇಶವ ಗುಡಿ ನೋಡಿ. ಸಂಸ್ಥಾನದ ಕಾಲದ್ದು, ಅರ್ಧ ದಿನ ಸಾಕು. ಮಕ್ತಲ್‌ನಲ್ಲಿ ಪಡಮಟಿ ಆಂಜನೇಯಸ್ವಾಮಿ. ಪಡಮಟಿ ಎಂದರೆ ನಮ್ಮ ಪಡುವಣ, ಸ್ವಾಮಿಯ ಮುಖ ಪಶ್ಚಿಮಕ್ಕೆ. ಮಕ್ತಲ್‌ನಿಂದ ಪಂಚದೇವಪಹಾಡ್‌ಗೆ ಹೋಗಿ ನದಿ ದಾಟಿದರೆ ಶ್ರೀಪಾದ ಶ್ರೀವಲ್ಲಭರ ಕುರುವಪುರ. ಕೃಷ್ಣೆಯ ನಡುವಿನ ಈ ನಡುಗಡ್ಡೆ ರಾಯಚೂರು ಜಿಲ್ಲೆಗೆ ಸೇರಿದ್ದು. ಹೊಳೆ ತುಂಬಿದಾಗ ಹರಿಗೋಲಿನವರು ಬೇಡವೆಂದರೆ ವಾದಿಸದೆ ಹಿಂತಿರುಗಿ.

ಕೃಷ್ಣಾ ಮಂಡಲದ ಮುಡುಮಾಲ ಗುಡಿಯಲ್ಲ, ಆದರೂ ಹೇಳಲೇಬೇಕು. ಅಲ್ಲಿ ಆಳೆತ್ತರ ಮೀರಿದ ಸುಮಾರು 80 ನಿಲುವುಗಲ್ಲುಗಳಿವೆ. ಬರಹಕ್ಕೂ ಹಿಂದಿನ ಕಾಲದವು. ಒಂದು ಕಲ್ಲನ್ನು ಊರವರು ಎಲ್ಲಮ್ಮನೆಂದು ಪೂಜಿಸುತ್ತಾರೆ. 2025ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಹೋಗುವಾಗ ನೀರು, ಟಾರ್ಚು, ನೋಟುಪುಸ್ತಕ, ಅಳತೆ ಟೇಪು ಇರಲಿ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣದಕಡ್ಡಿ, ಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನವಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಮೇಲೊಂದು ಟವೆಲ್ಲು ನೆರಳು ಮಾಡಿ. ಮೊದಲು ಪೂಜಾರಿಯವರನ್ನು ಕೇಳಿ, ಗರ್ಭಗುಡಿಯ ಫೋಟೋ ಬೇಡ. ಓದಲು ಬಂದಷ್ಟನ್ನು ಅವರಿಗೂ ಹೇಳಿ ಬನ್ನಿ: ಇದರಲ್ಲಿ ಈ ದೇವರಿಗೆ ಇಷ್ಟು ಭೂಮಿ ಬಿಟ್ಟಿದ್ದಾರೆ, ಅಜ್ಜಾ, ಎಂದು.

ತಮ್ಮ ಊರಿನ ಗುಡಿ, ಬಾವಿಕಟ್ಟೆ, ಅಗಸೆಬಾಗಿಲಲ್ಲಿ ಬರಹದ ಕಲ್ಲು ಇದ್ದರೆ ಊರಿನ ಹೆಸರು, ಕಲ್ಲು ಇರುವ ಜಾಗ, ಸಾಲುಗಳ ಸಂಖ್ಯೆ ಮತ್ತು ಫೋಟೋವನ್ನು ಸಂಘಕ್ಕೆ ತಲುಪಿಸಬೇಕಾಗಿ ವಿನಂತಿ. ನಾವು ಒಂದು ರಿಜಿಸ್ಟರು ತೆರೆದಿದ್ದೇವೆ. ಬಣ್ಣ ಬಳಿದ ಆ ಕಲ್ಲನ್ನು ಕ್ರಮಸಂಖ್ಯೆ 1ರಲ್ಲಿ ಬರೆದಿದ್ದೇವೆ, ಓದಿದ ಪಾಠದ ಕಲಂ ಖಾಲಿ ಇದೆ.

— ಕಾರ್ಯದರ್ಶಿ