ಟರ್ಮಿನಲ್ ತಂತ್ರಾಂಶದಲ್ಲಿ ಕನ್ನಡ ಪಠ್ಯವನ್ನು ಆಯ್ಕೆಮಾಡಿ ನಕಲಿಸುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಉದ್ದೇಶ:
ಪುಟ್ಟಿ ಮುಂತಾದ ಟರ್ಮಿನಲ್ ತಂತ್ರಾಂಶಗಳಲ್ಲಿ ತೆರೆದ ಪಟ್ಟಿಯಿಂದ ಹೆಸರು, ಗ್ರಾಮ ಇತ್ಯಾದಿ ವಿವರಗಳನ್ನು ಆನ್‌ಲೈನ್ ಅರ್ಜಿಗೆ ನಕಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಒಂದು ಅಕ್ಷರ ಬಿಟ್ಟುಹೋದರೂ ಅರ್ಜಿಯಲ್ಲಿನ ಹೆಸರು ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ.

ತೊಡಕಿಗೆ ಕಾರಣ:
ಟರ್ಮಿನಲ್ ಪರದೆಯು ಸಮಾನ ಅಗಲದ ಮನೆಗಳಾಗಿ ವಿಭಜಿತವಾಗಿರುತ್ತದೆ. ‘ಶಿರೂರು’ ಎಂಬ ಪದವು ಓದುವಾಗ 3 ಅಕ್ಷರ. ಯೂನಿಕೋಡ್‌ನಲ್ಲಿ 6 ಸಂಕೇತ. ಕೆಲವು ಸ್ವರಚಿಹ್ನೆಗಳು ಪ್ರತ್ಯೇಕ ಮನೆಯನ್ನು ಪಡೆಯುವುದರಿಂದ, ಆಯ್ಕೆಯ ಗುರುತು ಕೊನೆಯ ಅಕ್ಷರದ ನಡುವೆಯೇ ನಿಂತು ‘ಶಿರೂರ’ ಎಂದು ನಕಲಾಗುವ ಸಂಭವವಿದೆ. ಬಾಗಲಕೋಟೆ ಭಾಗದಲ್ಲಿ ಈ ರೂಪವು ಅಡ್ಡಹೆಸರಾಗಿಯೂ ಬಳಕೆಯಲ್ಲಿರುವುದರಿಂದ ದೋಷವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಅನುಸರಿಸಬೇಕಾದ ಕ್ರಮ (ಪುಟ್ಟಿ ತಂತ್ರಾಂಶ):
1. ‘ವಿಂಡೋ’ ವಿಭಾಗದ ‘ಟ್ರಾನ್ಸ್‌ಲೇಷನ್’ ಪುಟದಲ್ಲಿ ಯುಟಿಎಫ್-8 ಎಂದು ಆಯ್ಕೆ ಮಾಡುವುದು.
2. ಮೌಸಿನ ಎಡಗುಂಡಿಯನ್ನು ಒತ್ತಿ ಹಿಡಿದು ಪಠ್ಯದ ಮೇಲೆ ಎಳೆಯುವುದು. ಪೂರ್ಣ ಸಾಲು ಬೇಕಾದಲ್ಲಿ ಮೂರು ಬಾರಿ ಕ್ಲಿಕ್ ಮಾಡುವುದು.
3. ಎಳೆದರೂ ಪಠ್ಯವು ಆಯ್ಕೆಯಾಗದಿದ್ದಲ್ಲಿ, ಮೌಸನ್ನು ಒಳಗಿನ ಕಾರ್ಯಕ್ರಮವೇ ಬಳಸುತ್ತಿರಬಹುದು. ಆಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಎಳೆಯುವುದು.
4. ಪಟ್ಟಿಯ ಒಂದೇ ಕಾಲಮ್ಮು ಬೇಕಾದಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಎಳೆಯುವುದು.
5. ಆಯ್ಕೆಯಾದ ಪಠ್ಯವು ತಾನಾಗಿಯೇ ನಕಲಾಗುತ್ತದೆ. ಕಂಟ್ರೋಲ್-ಸಿ ಒತ್ತಬಾರದು, ಒತ್ತಿದಲ್ಲಿ ನಡೆಯುತ್ತಿರುವ ಕಾರ್ಯಕ್ರಮವು ಸ್ಥಗಿತಗೊಳ್ಳಬಹುದು.
6. ಅರ್ಜಿಯ ಅಂಕಣದಲ್ಲಿ ಕಂಟ್ರೋಲ್-ವಿ ಒತ್ತುವುದು.

ನುಡಿ ಕಡತಗಳು:
ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪಠ್ಯವು ಟರ್ಮಿನಲ್‌ನಲ್ಲಿ ಆಂಗ್ಲ ಅಕ್ಷರ ಹಾಗೂ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯುಟಿಎಫ್-8 ಆಯ್ಕೆಯಿಂದ ಇದು ಸರಿಹೋಗುವುದಿಲ್ಲ. ಅಂತಹ ಪಠ್ಯವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸತಕ್ಕದ್ದು.

ಹಿನ್ನೆಲೆ:
ಪಠ್ಯವನ್ನು ಪರದೆಯ ಮೇಲೆ ಎದ್ದುಕಾಣುವಂತೆ ಮಾಡುವ ಅಗತ್ಯವು ಹೊಸತಲ್ಲ. ಭಾರತೀಯ ಭಾಷೆಗಳಿಗಾಗಿ 1991ರಲ್ಲಿ ಪ್ರಕಟವಾದ ಇಸ್ಕಿ ಮಾನಕದಲ್ಲಿಯೇ ದಪ್ಪ ಅಕ್ಷರ, ಅಡಿಗೆರೆಗಳೊಂದಿಗೆ ಎದ್ದುತೋರಿಕೆಗೂ ಪ್ರತ್ಯೇಕ ಸಂಕೇತವನ್ನು ಒದಗಿಸಲಾಗಿತ್ತು.

ವಿಶೇಷ ಸೂಚನೆ:
ಶಿರೂರು ಎಂಬ ಹೆಸರಿನ ಊರುಗಳು ಬಾಗಲಕೋಟೆ ಜಿಲ್ಲೆಯಲ್ಲದೆ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಇವೆ. ಆದುದರಿಂದ ಗ್ರಾಮದ ಹೆಸರನ್ನಷ್ಟೇ ನಕಲಿಸದೆ, ತಾಲ್ಲೂಕು ಹಾಗೂ ಜಿಲ್ಲೆಯ ಹೆಸರುಗಳಿರುವ ಪೂರ್ಣ ಸಾಲನ್ನು ಆಯ್ಕೆ ಮಾಡುವುದು ಸೂಕ್ತ. ಅರ್ಜಿಯನ್ನು ಸಲ್ಲಿಸುವ ಮುನ್ನ ಪ್ರತಿ ಹೆಸರಿನ ಕೊನೆಯ ಅಕ್ಷರವನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಲು ಅರ್ಜಿದಾರರನ್ನು ಕೋರಲಾಗಿದೆ.