ರಾಯಚೂರು ಕೋಟೆ: ಗುರಿಗೆ ಮದ್ದೇ ಮೂಲ

ಸಿಂಧನೂರು ತಾಲ್ಲೂಕಿನ ಸಾಲಗುಂದವು ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನ ಊರು. ಈ ಫಲವತ್ತಾದ ನಾಡಿಗಾಗಿ ವಿಜಯನಗರ ಹಾಗೂ ಬಿಜಾಪುರದ ಅರಸರು ಹಲವು ಬಾರಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಬಯಲಿನಲ್ಲಿ ಸೋಲಿಸಿದ ಮೇಲೂ ರಾಯಚೂರು ಕೋಟೆ ಮಣಿದಿರಲಿಲ್ಲ. ಗೋಡೆಯ ಕಲ್ಲು ಕೀಳಲು ಹೋದವರ ಮೇಲೆ ಕಲ್ಲು, ಬಾಣಗಳ ಸುರಿಮಳೆಯಾಗುತ್ತಿತ್ತು. ಆಗ ನೆರವಿಗೆ ಬಂದವನು ಪೋರ್ಚುಗೀಸರ ಫಿಗೆರೆದೊ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವನ ಕೋವಿಗಾರರು ಗುರಿಯಿಟ್ಟು ಹೊಡೆದರು. ಕೋಟೆಯ ಅಧಿಪತಿಯೇ ಹಣೆಗೆ ಗುಂಡು ತಗುಲಿ ಸತ್ತನೆಂದು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿದ್ದಾನೆ. ಬಳಿಕ ಕೋಟೆ ಶರಣಾಯಿತು.

ಗುಂಡು ಸಾಗುವ ಹಾದಿಯ ಲೆಕ್ಕ ಆ ಕೋವಿಗಾರರಿಗೆ ತಿಳಿದಿತ್ತೇ? ಇಲ್ಲ. ಎಸೆದ ವಸ್ತುವಿನ ಹಾದಿ ಪರವಲಯವೆಂದು ಗೆಲಿಲಿಯೊ ಪ್ರಕಟಿಸಿದ್ದು 1638ರಲ್ಲಿ. ಗುಂಡಿನ ವೇಗವನ್ನು ಲೋಲಕದಿಂದ ಅಳೆಯುವ ಬಗೆಯನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ವಿವರಿಸಿದ್ದು 1742ರಲ್ಲಿ. ಅಲ್ಲಿಯವರೆಗೆ ಅನುಭವವೇ ಗುರು.

ಆ ಅನುಭವದ ಮೊದಲ ಪಾಠ ಮದ್ದಿನದು. ಹಳೆಯದಾಗಿ ತೇವ ಹಿಡಿದ ಮದ್ದು ಗುಂಡನ್ನು ನಿಧಾನವಾಗಿ ತಳ್ಳುತ್ತದೆ. ವೇಗ ಅರ್ಧಕ್ಕಿಳಿದರೆ ಅದೇ ದೂರ ಸಾಗಲು ಎರಡರಷ್ಟು ಹೊತ್ತು ಬೇಕು. ಅಷ್ಟರಲ್ಲಿ ಗುಂಡು ನಾಲ್ಕರಷ್ಟು ಕೆಳಗೆ ಬಿದ್ದಿರುತ್ತದೆ. ಗಾಳಿಯ ತಡೆ ಬೇರೆ. ಆದ್ದರಿಂದಲೇ ಸೈನ್ಯದ ಹಳೆಯ ದಾಸ್ತಾನಿನ ತೋಟಾ ಬಳಸುವ ಇಂದಿನ ಗುರಿಕಾರರೂ ಪಟ್ಟಿಯಲ್ಲಿನ ವೇಗವನ್ನು ನಂಬಿ ಕೂರುವುದಿಲ್ಲ. ಕೆಲವು ಗುಂಡು ಹಾರಿಸಿ, ತಗುಲಿದ ಜಾಗ ನೋಡಿ ಗುರಿ ತಿದ್ದಿಕೊಳ್ಳುತ್ತಾರೆ.

ರಾಯಚೂರಿನಲ್ಲಿ ಅಂದು ಮದ್ದು ತೇವ ಹಿಡಿದಿದ್ದರೆ ಆ ಅಧಿಪತಿ ಉಳಿಯುತ್ತಿದ್ದನೇನೋ!